ತಲೆಕೆಳಗಾಗದ ಸೈಕಲ್ಲುಗಳು

ಸೈಕಲ್ ರಿಪೇರಿಯ ನೆಮೇಸಿಯೋ ಅರ್ರೂವಾನಿಗೆ ಎಪ್ಪತ್ತೊಂದು ವರ್ಷ, ಮೂಗಿನ ತುದಿಯಲ್ಲೇ ಕೋಪ. ಆದರೆ ಹುಲ್ಲುಬಯಲಿನ ಆ ಸುತ್ತಮುತ್ತಲ ಊರುಗಳಲ್ಲೆಲ್ಲ ಅವನ ಹೆಸರು ಹಬ್ಬಿದ್ದು ರಿಪೇರಿಯಿಂದಲ್ಲ, ಭಾನುವಾರದ ನಾಯಿ ಓಟಗಳಿಂದ. ಬಯಲಿನ ಕೊನೆಯಲ್ಲಿ ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಟೈರಿಲ್ಲದ ಹಿಂದಿನ ಚಕ್ರಕ್ಕೆ ಉದ್ದನೆಯ ದಾರ ಕಟ್ಟಿ, ಪೆಡಲನ್ನು ಕೈಯಿಂದ ತಿರುಗಿಸುವುದು ಅವನ ಕೆಲಸ. ದಾರದ ಆ ತುದಿಯಲ್ಲಿ ಮೊಲದ ತೊಗಲು. ಚಕ್ರ ದಾರವನ್ನು ಸುತ್ತಿಕೊಂಡಂತೆ ತೊಗಲು ನೆಲದ ಮೇಲೆ ಹಾರುತ್ತ ಬರುತ್ತಿತ್ತು, ಅದರ ಬೆನ್ನಿಗೆ ನಾಯಿಗಳು. "ಮುಂದೆ ತೊಗಲು ಇಲ್ದಿದ್ರೆ ಈ ಜಾತಿ ನಾಯಿ ಒಂದ್ ಹೆಜ್ಜೆ ಇಡಲ್ಲ," ಎಂಬುದು ಮೂವತ್ತು ವರ್ಷ ಬಾರಿನಲ್ಲಿ ಅವನು ಹೇಳಿಕೊಂಡು ಬಂದ ವೇದವಾಕ್ಯ. ಕಾನೂನು ಬಂದು ಓಟ ನಿಂತಿತು, ಆ ಮಾತು ಮಾತ್ರ ನಿಲ್ಲಲಿಲ್ಲ.

ಅಂಥವನ ಬಾಗಿಲಿಗೇ ಶಾಲೆಯ ಟೀಚರಮ್ಮ ಸುಲೇಮಾ ಒಂದು ಬೂದು ಬಣ್ಣದ ಗಾಲ್ಗೊ ಬೇಟೆನಾಯಿಯನ್ನು ತಂದಳು. ಕದ್ದುಮುಚ್ಚಿ ಓಟ ನಡೆಸುವವರ ಶೆಡ್ಡಿನಿಂದ ಬಿಡಿಸಿಕೊಂಡು ಬಂದದ್ದು. ಮೈಯೆಲ್ಲ ಪಕ್ಕೆಲುಬೇ. ತುಂತುರು ಮಳೆಗೆ ಅಲ್ಲಿಯವರು ಹೇಳುವಂತೆ ಗರೂವಾ ಎಂದು ಹೆಸರಿಟ್ಟಿದ್ದಳು.

"ನನ್ ಹತ್ರಾನಾ? ನಾನೇನ್ ಮಾಡ್ತಿದ್ದೆ ಅಂತ ಊರಿಗೆಲ್ಲ ಗೊತ್ತಲ್ಲ ಟೀಚರಮ್ಮ."

"ಅದಕ್ಕೇ ತಂದಿದ್ದು, ದೊನ್ ನೆಮೇಸಿಯೋ. ಇಷ್ಟ್ ವರ್ಷ ಓಡಿಸಿದ್ರಿ, ಈಗ ಸ್ವಲ್ಪ ಕೂರಿಸಿ. ಒಳ್ಳೆ ಮನೆ ಸಿಗೋ ತನಕ ಅಷ್ಟೇ. ಇವಳು ಹೋದ್ರೇನೆ ಇನ್ನೊಂದಕ್ಕೆ ಜಾಗ."

ಮೊದಲ ದಿನವೇ ಎಡವಟ್ಟಾಯಿತು. ಪಂಕ್ಚರ್ ಹಾಕಲೆಂದು ನೆಮೇಸಿಯೋ ಎಂದಿನಂತೆ ಒಂದು ಸೈಕಲ್ಲನ್ನು ತಲೆಕೆಳಗೆ ಮಾಡಿ ಚಕ್ರ ತಿರುಗಿಸಿದ. ಗರೂವಾ ಕಿರುಚಿಕೊಂಡು ಬಟ್ಟೆ ಒಗೆಯುವ ತೊಟ್ಟಿಯ ಹಿಂದೆ ನುಗ್ಗಿದಳು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನಡುಗಿದಳು. ಚಕ್ರದ ಆ ಸದ್ದನ್ನು ನಾಯಿಯ ಕಿವಿಯಿಂದ ಅವನು ಒಮ್ಮೆಯೂ ಕೇಳಿರಲಿಲ್ಲ. ಅಂದು ಅವನಿಗೆ ಊಟ ಸೇರಲಿಲ್ಲ.

ಮರುದಿನ ಹಿತ್ತಲಿನ ಹಿಪ್ಪುನೇರಳೆ ಮರದ ಕೊಂಬೆಗೆ ಎರಡು ಕೊಕ್ಕೆ ಬಿಗಿದು, ಸೈಕಲ್ಲುಗಳನ್ನು ನೇತುಹಾಕಿಯೇ ರಿಪೇರಿ ಮಾಡತೊಡಗಿದ. ಚಕ್ರವನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದ. ತೋಳು ನೋಯುತ್ತಿತ್ತು.

"ಏನೋ ನೆಮೇಸಿಯೋ, ಸೈಕಲ್ ಒಗೆದು ಒಣಗಾಕಿದೀಯಾ?" ಎಂದ ಬೇಕರಿಯ ರುಫೀನೋ.

"ಹೂಂ ಕಣೋ, ನಿನ್ನ ನಾಲಿಗೆಗೂ ಜಾಗ ಇದೆ, ತಗೊಂಡ್ ಬಾ."

ಮೂರನೇ ವಾರ. ಮಧ್ಯಾಹ್ನ ಉಂಡು ಊರಿಗೆ ಊರೇ ಮಲಗಿತ್ತು. ಮರದಡಿ ಕೂತಿದ್ದ ನೆಮೇಸಿಯೋನ ಎದುರು ಗರೂವಾ ಮುಂಗಾಲು ನೆಲಕ್ಕೊತ್ತಿ, ಕುಂಡಿ ಮೇಲೆತ್ತಿ ಅವನನ್ನೇ ನೋಡಿದಳು. ಆಮೇಲೆ ಅದೇನು ಮೈಮೇಲೆ ಬಂತೋ! ತೊಟ್ಟಿ ಸುತ್ತಿ, ಬಕೆಟ್ಟು ಉರುಳಿಸಿ, ಟೊಮೆಟೊ ಸಾಲನ್ನು ಸೀಳಿಕೊಂಡು, ಒಣಹಾಕಿದ್ದ ಬೆಡ್‌ಶೀಟಿನಡಿ ನುಸುಳಿ ಸುತ್ತಿನ ಮೇಲೆ ಸುತ್ತು ಹಾರಿದಳು. ಅವನ ಒಂದು ಚಪ್ಪಲಿಯನ್ನು ಕಚ್ಚಿ ಮೇಲಕ್ಕೆಸೆದು ತಾನೇ ಹಿಡಿದಳು. ಮೂವತ್ತು ವರ್ಷದ ಅಭ್ಯಾಸ, ನೆಮೇಸಿಯೋ ಅವಳ ಮುಂದೆ ಏನಿದೆ ಎಂದು ನೋಡಿದ. ಏನೂ ಇರಲಿಲ್ಲ.

"ಯಾರ್ ಹಿಂದೆ ಓಡ್ತಿದೀಯೇ, ಹುಚ್ಚಿ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಬಾರಿನಲ್ಲಿ ಆ ವೇದವಾಕ್ಯ ಯಾರಿಗೂ ಕೇಳಿಸಲಿಲ್ಲ.

ಏಪ್ರಿಲ್‌ನಲ್ಲಿ ಗರೂವಾಳನ್ನು ಸಾಕಿಕೊಳ್ಳುವ ಆಸೆಯಿಂದ ಪೆರ್ಗಮಿನೋ ಪಟ್ಟಣದ ನರ್ಸ್ ಇರ್ಮಾ ನೋಡಲು ಬಂದಳು, ಜೊತೆಗೆ ಸುಲೇಮಾ. ಗರೂವಾ ನೆಮೇಸಿಯೋನ ಕಾಲ ಹಿಂದೆ ಅಡಗಿದವಳು ಈಚೆ ಬರಲೇ ಇಲ್ಲ.

"ಟೀಚರಮ್ಮ ಕಳಿಸಿದ್ ಫೋಟೋದಲ್ಲಿ ಎಷ್ಟ್ ಚೆನ್ನಾಗಿ ಹಾರ್ತಿದ್ಲು," ಎಂದು ಇರ್ಮಾ ಮುಖ ಸಣ್ಣ ಮಾಡಿದಳು. "ಇಷ್ಟ್ ಸಪ್ಪಗಿದ್ರೆ ಹೇಗೆ? ನೀವು ಓಟದಲ್ಲಿ ಚಕ್ರ ತಿರುಗಿಸ್ತಿದ್ರಂತಲ್ಲ, ಒಂದೇ ಒಂದ್ ಸುತ್ತು ತಿರುಗಿಸಿ. ಓಡ್ತಾಳೇನೋ."

ಸುಲೇಮಾ ನೆಮೇಸಿಯೋನತ್ತ ತಿರುಗಿದಳು. ಅವನು ಲೆಕ್ಕ ಹಾಕಿದ. ಒಂದು ಸುತ್ತು ತಿರುಗಿಸಿದರೆ ಗರೂವಾ ಹೆದರಿ ಗಾಳಿಯಂತೆ ಓಡುತ್ತಾಳೆ, ಒಳ್ಳೆಯ ಮನೆ ಕೈಗೆ ಸಿಗುತ್ತದೆ. ತಿರುಗಿಸದಿದ್ದರೆ ಈ ಹೆಂಗಸು ಹೊರಟುಹೋಗುತ್ತಾಳೆ, ಗರೂವಾ ಇಲ್ಲೇ ಉಳಿಯುತ್ತಾಳೆ. ಆ ಯೋಚನೆಗೆ ನೆಮೇಸಿಯೋನಿಗೆ ಒಳಗೊಳಗೇ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

"ಇಲ್ಲಮ್ಮ," ಎಂದ. "ಬೇರೆಯವರಿಗೋಸ್ಕರ ಇವಳು ಓಡಿದ್ದು ಸಾಕು. ತನಗೆ ಬೇಕಾದಾಗ ಓಡ್ತಾಳೆ. ಕಾಯೋಕಾದ್ರೆ ಕೂತ್ಕೊಳ್ಳಿ, ಮಾಟೆ ಕುಡೀರಿ. ಆಗಲ್ಲ ಅಂದ್ರೆ ಗೇಟು ಅಲ್ಲಿದೆ."

ಇರ್ಮಾ ಚಪ್ಪಲಿ ಕಳಚಿ ನೆಲದ ಮೇಲೇ ಕೂತಳು. ಚಹಾದಂಥ ಮಾಟೆ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ಎಷ್ಟೋ ಸುತ್ತು ಬಂತು, ಕೆಟಲಿನ ನೀರು ಎರಡು ಸಲ ಬಿಸಿಯಾಯಿತು. ಯಾರೂ ನಾಯಿಯನ್ನು ಕರೆಯಲಿಲ್ಲ. ಬಿಸಿಲು ಗೋಡೆ ಹತ್ತಿದ ಮೇಲೆ ಗರೂವಾ ತಾನಾಗಿ ಬಂದು ಇರ್ಮಾಳ ಚಪ್ಪಲಿ ಮೂಸಿದಳು, ಲಪಕ್ಕನೆ ಕಚ್ಚಿಕೊಂಡು ಕಿತ್ತಳು ಓಟ!

"ಅಯ್ಯೋ, ಹೊಸ ಚಪ್ಪಲಿ!" ಎಂದು ಸುಲೇಮಾ ಎದ್ದಳು.

"ಇರ್ಲಿ ಬಿಡಿ, ಓಡ್ಲಿ," ಎಂದಳು ಇರ್ಮಾ, ಕೂತಲ್ಲಿಂದ ಕದಲದೆ, ನಗುತ್ತ.

ಸಂಜೆ ಗರೂವಾಳನ್ನು ನೆಮೇಸಿಯೋನೇ ಎತ್ತಿ ಇರ್ಮಾಳ ಕಾರಿನಲ್ಲಿ ಕೂರಿಸಿದ. "ಇವಳ ಎದುರು ಸೈಕಲ್ ತಲೆಕೆಳಗೆ ಮಾಡ್ಬೇಡಿ," ಎಂದಷ್ಟೇ ಹೇಳಿ ಬಾಗಿಲು ಮುಚ್ಚಿದ.

ಮರುದಿನ ರುಫೀನೋ ಪಂಕ್ಚರಾದ ಸೈಕಲ್ ತಳ್ಳಿಕೊಂಡು ಬಂದ. ಖಾಲಿ ಹಿತ್ತಲನ್ನೂ ಗೆಳೆಯನ ಕೆಂಪು ಕಣ್ಣನ್ನೂ ನೋಡಿ ಅವನ ದನಿ ಮೆತ್ತಗಾಯಿತು.

"ಹುಡುಗಿ ಹೋದ್ಲಲ್ಲ ಮಾರಾಯ. ಇನ್ಯಾಕ್ ತೋಳು ನೋಯಿಸ್ಕೋತೀಯ? ನೆಲದ ಮೇಲೇ ತಲೆಕೆಳಗೆ ಮಾಡು."

ನೆಮೇಸಿಯೋ ಸೈಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕೊಕ್ಕೆಗೆ ಸಿಕ್ಕಿಸಿದ.

"ಸುಮ್ನಿರೋ," ಎಂದ. "ಗುರುವಾರ ಟೀಚರಮ್ಮ ಇನ್ನೊಂದನ್ನ ತರ್ತಾ ಇದಾರೆ."