ಎಮಟಳ ಸರದಿ

ಎಮಟ್ ಹುಟ್ಟಿದ್ದು ನಾರ್ಫೋಕ್ ಸೀಮೆಯ ನಮ್ಮೂರಿನಲ್ಲಿ, ಜೌಗಿನಂಚಿನ ಗುಡಿಸಲಲ್ಲಿ, ಜೀತದವರ ಮಗಳಾಗಿ. ಧಣಿಯ ಕುರಿ ತೊಳೆದಳು, ಧಣಿಯ ಬಾರ್ಲಿ ಕೊಯ್ದಳು, ಚರ್ಚಿನಲ್ಲಿ ಬಾಗಿಲ ಹತ್ತಿರ ನಿಂತೇ ಪೂಜೆ ಕೇಳಿದಳು. ಮಹಾಮಾರಿ ಬಂದು ಅರ್ಧ ಊರನ್ನು ಗುಡಿಸಿಕೊಂಡು ಹೋಗದಿದ್ದರೆ ಅವಳ ಬದುಕು ಅಷ್ಟಕ್ಕೇ ಮುಗಿಯುತ್ತಿತ್ತು. ಆಳುಗಳೇ ಸಿಗದೆ ಧಣಿ ಮೆತ್ತಗಾದ. ಹೊಲ ಉತ್ತರೆ ಸಾಕೆಂದು, ಆರು ವರ್ಷದಿಂದ ಪಾಳುಬಿದ್ದಿದ್ದ ಮಾಬೆಲಳ ಮನೆಯನ್ನು ಎಮಟಳಿಗೂ ಅವಳ ಗಂಡನಿಗೂ ಬಿಟ್ಟುಕೊಟ್ಟ. ಮಾರಿಗೆ ಬಲಿಯಾದ ಮಾಬೆಲ್ ತನ್ನ ಮೂರು ಮಕ್ಕಳ ಜೊತೆ ಒಂದೇ ಗುಂಡಿಯಲ್ಲಿ ಮಲಗಿದ್ದಳು.

ಮನೆಯ ಜೊತೆಗೆ ಅದರ ಸರದಿಯೂ ಬಂತು. ಪ್ರತಿ ಭಾನುವಾರ ಪೂಜೆಯಾದ ಮೇಲೆ ಒಂದು ಮನೆಯ ರೊಟ್ಟಿಗೆ ಪಾದ್ರಿಗಳು ಆಶೀರ್ವಾದ ಮಾಡುತ್ತಾರೆ, ಊರವರೆಲ್ಲ ತುಂಡು ತುಂಡು ತಿನ್ನುತ್ತಾರೆ. ಸರದಿ ಮನೆಬಾಗಿಲಿನದು, ಮನುಷ್ಯರದಲ್ಲ. ರೊಟ್ಟಿ ತಂದವರು ಕೊನೆಯ ತುಂಡನ್ನು ಪಕ್ಕದ ಮನೆಯವರ ಕೈಗೆ ಕೊಡಬೇಕು. ಮುಂದಿನ ವಾರ ಅವರದು. ಅವರು ಈಸಿಕೊಳ್ಳದಿದ್ದರೆ, ನೀನು ನಮ್ಮ ನೆರೆಯವಳೇ ಅಲ್ಲ ಎಂದು ಊರೆದುರು ಹೇಳಿದಂತೆ. ಗಂಟೆ ಹೊಡೆಯುವವನಾದ ನಾನೇ ಮೂವತ್ತು ವರ್ಷ ಆ ರೊಟ್ಟಿ ಕೊಯ್ದವನು. ಅಂಥ ಅವಮಾನವನ್ನು ಒಮ್ಮೆಯೂ ಕಂಡಿರಲಿಲ್ಲ.

ಎಮಟಳ ಪಕ್ಕದ ಮನೆ ಇಡೋನಿಯಾಳದು. ಧಣಿಯ ಪಾರುಪತ್ಯಗಾರನ ವಿಧವೆ, ಮಾಬೆಲಳ ಅಕ್ಕ.

"ಜೀತದವಳ ಕೈಯಿಂದ ನಾನು ಇಸ್ಕೊಳ್ಳೋದಾ? ನನ್ನ ಕೈ ಬಿದ್ದು ಹೋಗ್ಲಿ!" ಎಂದು ಬಾವಿಕಟ್ಟೆಯಲ್ಲಿ ಕೂಗಾಡಿದಳು. ಅಲ್ಲಿದ್ದ ನಾನು ಕೊಡ ಎತ್ತಿಕೊಂಡು ಜಾಗ ಖಾಲಿ ಮಾಡಿದೆ. ಅವಳ ಬಾಯಿಗೆ ನಾನೂ ಹೆದರುತ್ತೇನೆ.

ಶನಿವಾರ ಎಮಟ್ ನನ್ನನ್ನು ತಡೆದಳು. "ಗಂಟೆಯಣ್ಣ, ಆಯಮ್ಮ ತಗೊಳ್ದೆ ಹೋದ್ರೆ?"

"ನನಗೆ ಕೊಡೇ, ನುಂಗ್ತೀನಿ."

"ನಿನಗೆ ತಮಾಷೆ. ನನ್ನನ್ನ ಗುಡಿಸಲಿಗೆ ವಾಪಸ್ ಅಟ್ಟಿದ ಹಾಗೆ ಕಣಣ್ಣ ಅದು."

ಭಾನುವಾರ ಅವಳ ರೊಟ್ಟಿ ಕೊಯ್ದೆ. ಚೆನ್ನಾಗಿಯೇ ಉಬ್ಬಿತ್ತು, ಒಂದು ಪಕ್ಕ ಮಾತ್ರ ಸೀದಿತ್ತು. ಕೆಲವರು ಮೂಗು ಮುರಿದರು, ಆದರೂ ತಿಂದರು. ಕೊನೆಯ ತುಂಡು ಹಿಡಿದು ಎಮಟ್ ಇಡೋನಿಯಾಳ ಮುಂದೆ ನಿಂತಳು. ಇಡೋನಿಯಾ ಎರಡೂ ಕೈಗಳನ್ನು ಸೊಂಟದ ಮುಂಬಟ್ಟೆಯೊಳಗೆ ಸುತ್ತಿಕೊಂಡಿದ್ದಳು.

ಇಡೋನಿಯಾ ತುಂಡನ್ನೇ ದಿಟ್ಟಿಸಿದಳು. "ಎಡಗಡೆ ಸೀದಿದೆ."

"ಹೌದಮ್ಮ. ಎಷ್ಟು ಜೋಪಾನ ಮಾಡಿದ್ರೂ ಅಲ್ಲೇ ಸೀಯುತ್ತೆ."

"ಸೀಯದೆ ಇನ್ನೇನು? ಆ ಒಲೆ ಎಡಗಡೆ ಕಲ್ಲು ಬಿರುಕು ಬಿಟ್ಟಿದೆ. ನಮ್ಮ ಮಾಬೆಲ್‌ದೂ ಹಿಂಗೇ ಆಗ್ತಿತ್ತು. ವಾರವಾರ ಬೈತಿದ್ದೆ ಅವಳಿಗೆ."

ಆರು ವರ್ಷಗಳಲ್ಲಿ ಅವಳ ಬಾಯಲ್ಲಿ ತಂಗಿಯ ಹೆಸರು ಬಂದದ್ದು ಅದೇ ಮೊದಲು. ಮುಂಬಟ್ಟೆಯಿಂದ ಕೈ ಹೊರಗೆ ಬಂತು. ತುಂಡು ಈಸಿಕೊಂಡಳು, ಸೀದ ಅಂಚನ್ನೇ ಮುರಿದು ಬಾಯಿಗೆ ಹಾಕಿಕೊಂಡಳು, ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಗೋಳೋ ಎಂದು ಅತ್ತಳು. ಎಮಟ್ ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರತೊಡಗಿದಳು. ಜೀತದವಳ ಆ ಕೈಯನ್ನು ಇಡೋನಿಯಾ ತಳ್ಳಲಿಲ್ಲ.