ಅರ್ಥ್ ವೈರಿಗೆ ಹಿಡಿದ ಜಂಗು

ಗೆಳೆಯರೇ, ಇವತ್ತು ಬೆಳಿಗ್ಗೆ ಚಿದ್ರಿಯಿಂದ ಹೆಂಡತಿಯನ್ನು ಭಾಲ್ಕಿ ಆಸ್ಪತ್ರೆಯ ಡ್ಯೂಟಿಗೆ ಬಿಡಲು ಹೊರಟಿದ್ದೆ. ದಾರಿಯ ಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದ ನಮ್ಮ ಹಳೇ ಕಾರು ಮತ್ತೆ ಚಾಲೂ ಆಗಲಿಲ್ಲ. ಡ್ಯೂಟಿಗೆ ಅರ್ಧ ತಾಸು ಉಳಿದಿತ್ತು. ಎದುರಿಗೇ ಒಂದು ಗ್ಯಾರೇಜು. ಮೇಸ್ತ್ರಿ ಈ ಬರದಲ್ಲಿ ಹೈದರಾಬಾದಿಗೆ ದುಡಿಯಲು ಹೋಗಿದ್ದಾರೆ, ಈಗ ಅವರ ಹೆಂಡತಿ ಶಾಂತಮ್ಮ ನಡೆಸುತ್ತಾರೆ.

"ಬ್ಯಾಟರಿ ಸತ್ತದವ್ವಾ. ನಾ ಮಾಸ್ತರ್ ಇದ್ದೀನಿ, ನಂಗ ತಿಳೀತದ," ಎಂದೆ.

"ಹಾರ್ನ್ ಹೊಡದು ನೋಡ್ರಿ ಸರ."

ಹಾರ್ನ್ ಊರೆಲ್ಲ ಕೇಳುವಂತೆ ಕೂಗಿತು.

"ಬ್ಯಾಟರಿ ಛಲೋ ಅದರಿ," ಎಂದು ಶಾಂತಮ್ಮ ಬಗ್ಗಿ ಇಂಜಿನ್ನಿನ ದಪ್ಪ ಅರ್ಥ್ ವೈರು ಬಿಚ್ಚಿದರು. ತುದಿಯ ತುಂಬ ತುಕ್ಕಿನಂಥ ಹಸಿರು ಜಂಗು. "ಇದರಾಗಿಂದ ಕರೆಂಟ್ ಹ್ಯಾಂಗ ಹೋಗಬೇಕ್ರಿ?"

ಮರಳು ಕಾಗದದಿಂದ ಉಜ್ಜಿ, ಬಿಗಿದರು. ಒಂದೇ ಕೀಲಿಗೆ ಕಾರು ಚಾಲೂ!

"ಯಾರ ಕಲಿಸ್ಯಾರವ್ವಾ?" ಹೆಂಡತಿ ಕೇಳಿದಳು.

"ಮೊದಲ ಮನಿಯವ್ರು ಫೋನಿನ್ಯಾಗ ಹೇಳ್ತಿದ್ರು, ನಾ ಮಾಡ್ತಿದ್ದೆ. ಈಗ ಅವ್ರೇ ನಂಗ ಕೇಳ್ತಾರ್ರಿ," ಎಂದು ನಕ್ಕರು. "ಸರ, ನೀವು ಸಾಲ್ಯಾಗ ಏನ್ ಕಲಸ್ತೀರಿ?"

"ಕನ್ನಡ," ಎಂದೆ.

ಹೆಂಡತಿ ಭಾಲ್ಕಿ ಮುಟ್ಟುವವರೆಗೆ ನಗುತ್ತಿದ್ದಳು. ಡ್ಯೂಟಿಗೂ ಹೊತ್ತಾಗಲಿಲ್ಲ. ನಾಳೆ ಹತ್ತನೇ ತರಗತಿಗೆ ನನ್ನ ವಿದ್ಯುತ್ ಪಾಠವಿದೆ. ಮಕ್ಕಳಿಗೆ ಯಾರೂ ಹೇಳಬೇಡಿ.