ಸಾವ್ಕಾಳ ಗಿಡ ಮತ್ತು ಮೆಟ್ಟಿಲ ಕಳ್ಳರು

ಝ್ರೆನ್ಯಾನಿನ್ ಊರಿನ ಆ ನಾಲ್ಕು ಮಹಡಿ ಕಟ್ಟಡದಲ್ಲಿ ಸಾವ್ಕಾಳ ಬಾಯಿಗೆ ಬೀಳದವರು ಯಾರೂ ಇಲ್ಲ. ಅಂಚೆಯವನಿಂದ ಹಿಡಿದು ಕಟ್ಟಡದ ಅಧ್ಯಕ್ಷ ಮಿಲೂತಿನ್‌ವರೆಗೆ ಎಲ್ಲರಿಗೂ ಬೈಗುಳದ ಪಾಲು ಸಂದಿದೆ. ಕಾರಣ ಒಂದೇ, ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಕಿಟಕಿ ಪಕ್ಕ ನಿಂತ ಅವಳ ಫಿಲೋಡೆಂಡ್ರನ್ ಗಿಡ. ಮೊರದಗಲದ, ತೂತು ತೂತಿನ ಎಲೆಗಳು. ಮನೆಯೊಳಗೆ ಹಿಡಿಸದಷ್ಟು ಬೆಳೆದ ಮೇಲೆ ಅದಕ್ಕೆ ಅಲ್ಲಿ ಜಾಗವಾಯಿತು.

ಅದನ್ನು ತಂದವನು ಗಂಡ ಪೇರಾ. ಮದುವೆಯಾದ ಹೊಸತರಲ್ಲಿ ಸಮುದ್ರ ನೋಡಲು ಒಪಾತಿಯಾಕ್ಕೆ ಹೋದಾಗ ಹೋಟೆಲಿನ ಹಜಾರದಿಂದ ಒಂದು ತುಂಡು ಮುರಿದು ಕೊಡೆಯೊಳಗೆ ಬಚ್ಚಿಟ್ಟುಕೊಂಡು ಬಂದಿದ್ದ. ಕೇಳಿದ್ದರೆ ಕೊಡುತ್ತಿದ್ದರೋ ಏನೋ! ಆದರೆ ಕೇಳಿ ತಂದದ್ದು ಬೇರು ಬಿಡುವುದಿಲ್ಲ, ಕದ್ದದ್ದೇ ಹತ್ತುತ್ತದೆ ಅನ್ನುವುದು ಆ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಪೇರಾ ಬಸ್ ಡ್ರೈವರ್. ಭಾನುವಾರ ಬೆಳಿಗ್ಗೆ ಒಂದು ಬಾಟಲಿ ಬಿಯರ್ ತೆಗೆದು ಅರ್ಧ ತಾನು ಕುಡಿಯುವುದು, ಉಳಿದರ್ಧದಲ್ಲಿ ಬಟ್ಟೆ ಅದ್ದಿ ಎಲೆಗಳನ್ನು ಒಂದೊಂದಾಗಿ ಒರೆಸುವುದು. "ನಂಗೂ ಇದಕ್ಕೂ ಒಂದೇ ಚಟ ಕಣೇ," ಅನ್ನುತ್ತಿದ್ದ. ಮಕ್ಕಳಾಗಲಿಲ್ಲ. ಪೇರಾ ತೀರಿಕೊಂಡು ಒಂಬತ್ತು ವರ್ಷ. ಅವನ ಅಂಗಿ, ಬೂಟು ಎಲ್ಲ ಯಾರು ಯಾರಿಗೋ ಕೊಟ್ಟಳು. ಅವನದು ಅಂತ ಜೀವ ಇರುವುದು ಇದೊಂದೇ, ಅದನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ.

ಮುಟ್ಟಗೊಡದಿದ್ದರೆ ಬಿಡುತ್ತಾರೆಯೇ? ಬೆಳಿಗ್ಗೆ ಎದ್ದು ನೋಡಿದರೆ ಒಂದು ಗೆಣ್ಣು ಮಾಯ. "ಯಾವ ಮನೆಹಾಳರ ಕೆಲಸ ಇದು?" ಅಂತ ಸಾವ್ಕಾ ಕೂಗಿದರೆ ನಾಲ್ಕು ಮಹಡಿಯ ಬಾಗಿಲುಗಳೂ ಮೆತ್ತಗೆ ಮುಚ್ಚಿಕೊಳ್ಳುತ್ತಿದ್ದವು. ಕೈಗೆ ಸಿಕ್ಕಿಬಿದ್ದವಳು ಒಬ್ಬಳೇ, ನೆಲಮಹಡಿಯ ಹಂಗೇರಿಯನ್ ದರ್ಜಿ ಇಲೋಂಕಾ. ಅದೂ ಕತ್ತರಿ ಸಮೇತ. ಅಂದಿನಿಂದ ಆರು ವರ್ಷ ಇಬ್ಬರಿಗೂ ಮಾತಿಲ್ಲ. ಅದಕ್ಕೆ ಮೊದಲು ದಿನಾ ಒಟ್ಟಿಗೆ ಕಾಫಿ ಕುಡಿಯುತ್ತಿದ್ದವರು!

ಏಪ್ರಿಲ್‌ನಲ್ಲಿ ಸಾವ್ಕಾ ಒರೆಸಿದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ನಾಲ್ಕು ವಾರ ಆಸ್ಪತ್ರೆ. ಹೋಗುವಾಗ ಮಿಲೂತಿನ್‌ಗೆ ಹೇಳಿದ್ದಳು, "ಹತ್ತು ದಿನಕ್ಕೆ ಒಂದೇ ಲೋಟ ನೀರು. ಜಾಸ್ತಿ ಹಾಕಿದ್ಯೋ, ನಿನ್ನ ಸುಮ್ನೆ ಬಿಡಲ್ಲ."

ವಾಪಸ್ ಬಂದಾಗ ಎಲೆಗಳೆಲ್ಲ ಹಳದಿ. ಕಾಂಡ ಮುಟ್ಟಿದರೆ ಪಿಚಕ್ಕೆಂದಿತು. ಕುಂಡದ ತಟ್ಟೆಯಲ್ಲಿ ಕೊಳೆತ ವಾಸನೆಯ ನೀರು ನಿಂತಿತ್ತು.

"ದೇವರಾಣೆಗೂ ನಾನು ಹತ್ತು ದಿನಕ್ಕೆ ಒಂದೇ ಲೋಟ ಹಾಕಿದ್ದು, ಚಿಕ್ಕಮ್ಮ," ಅಂದ ಮಿಲೂತಿನ್.

"ನಾನೂ ಒಂದ್ ಲೋಟ ಹಾಕ್ತಿದ್ದೆ," ಅಂತ ಮೂರನೇ ಮಹಡಿಯಿಂದ ಒಂದು ದನಿ ಬಂತು. "ನಾನೂನೂ," ಅಂತ ಇನ್ನೊಂದು. ಆಮೇಲೆ ಒಬ್ಬೊಬ್ಬರೇ ಹೊರಗೆ ಬಂದರು. ಕದ್ದವರೇ ಎಲ್ಲರೂ. ಮುದುಕಿ ಆಸ್ಪತ್ರೆಯಲ್ಲಿ ಬಿದ್ದಾಗ ಮನಸ್ಸು ಚುಚ್ಚಿ, ಯಾರೂ ನೋಡದಾಗ ಒಂದೊಂದು ಲೋಟ ಸುರಿದಿದ್ದರು. ಏಳು ಮನೆಯ ಪಶ್ಚಾತ್ತಾಪ ಸೇರಿ ಬೇರು ಕೊಳೆತುಹೋಗಿತ್ತು.

ಸಾವ್ಕಾ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, "ಪೇರಾನ ಇನ್ನೊಂದ್ ಸಲ ಮಣ್ಣು ಮಾಡಿದ ಹಾಗಾಯ್ತಲ್ರೋ," ಅಂತ ಅತ್ತಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಎಲ್ಲರಿಗೂ.

ಮರುದಿನ ಮಿಲೂತಿನ್ ತನ್ನ ಮನೆಯ ಗಿಡದ ಒಂದು ತುಂಡನ್ನು ಗಾಜಿನ ಲೋಟದಲ್ಲಿ ತಂದ. ಸಾವ್ಕಾ ತಲೆಯಾಡಿಸಿದಳು. "ಕೊಟ್ಟದ್ದು ಹತ್ತಲ್ಲ ಕಣೋ. ಗೊತ್ತಿದ್ದೂ ತಂದಿದ್ಯಲ್ಲ!"

ಹತ್ತಬೇಕಾದರೆ ಕದಿಯಬೇಕು. ಈಗ ಸಾವ್ಕಾ ಬಾಯಿ ತೆರೆದರೆ ಸಾಕು, ಎಲ್ಲರೂ ಕೊಡುವವರೇ. ಕೊಡದವಳು ಒಬ್ಬಳೇ ಇದ್ದಳು, ಆರು ವರ್ಷದಿಂದ ಮಾತು ಬಿಟ್ಟವಳು.

ಮೇ ತಿಂಗಳ ಸುಡುಬಿಸಿಲಲ್ಲಿ ಚಳಿಗಾಲದ ದಪ್ಪ ಕೋಟು ತೊಟ್ಟು, ಕೋಲೂರಿಕೊಂಡು, ಸಾವ್ಕಾ ನೆಲಮಹಡಿಯ ಬೆಲ್ ಒತ್ತಿದಳು. ಇಲೋಂಕಾ ಕೋಟು ನೋಡಿದಳು, ಕೋಲು ನೋಡಿದಳು.

"ಕಾಫಿ ಕುಡೀತೀಯಾ?"

"ಕುಡೀತೀನಿ."

"ಮಾಡೋಕೆ ಹೊತ್ತಾಗುತ್ತೆ. ಕೂತಿರು."

ಕೋಣೆಯ ಮೂಲೆಯಲ್ಲಿ ಪೇರಾನ ಗಿಡದ ಮಗಳು ಸೂರು ಮುಟ್ಟಿ ನಿಂತಿದ್ದಳು. ಒಂದು ಎಲೆಯ ಮೇಲೂ ಧೂಳಿಲ್ಲ. ಸಾವ್ಕಾ ಬಗ್ಗಿ ಮೂಸಿದಳು. ಬಿಯರ್. ಚಾಕು ತರುವುದನ್ನೇ ಮರೆತಿದ್ದಳು, ಬೆಪ್ಪು ಮುದುಕಿ. ಕೈಯಲ್ಲಿ ತಿರುಚಿದರೆ ಕಾಂಡ ಬಗ್ಗಿತೇ ಹೊರತು ಮುರಿಯಲಿಲ್ಲ.

ಅಡುಗೆಮನೆಯಿಂದ ಇಲೋಂಕಾ, ಯಾರಿಗೂ ಅಲ್ಲ ಎಂಬಂತೆ, ದೊಡ್ಡ ದನಿಯಲ್ಲಿ ಅಂದಳು, "ನನ್ನ ಕತ್ತರಿ ಎಲ್ಲಿ ಬಿಟ್ನಪ್ಪಾ? ಹೊಲಿಗೆ ಮೆಷಿನ್ ಮೇಲೆ ಇರಬೇಕು."

ಮೆಷಿನ್ ಮೇಲೇ ಇತ್ತು. ಸಾವ್ಕಾ ಗೆಣ್ಣಿನ ಕೆಳಗೆ, ಗಾಳಿಬೇರೂ ಜೊತೆಗೆ ಬರುವ ಹಾಗೆ ಕತ್ತರಿಸಿ ಕೋಟಿನೊಳಗೆ ತುರುಕಿದಳು. ಕಾಫಿ ಬಂತು. ಕೋಟಿನ ಕತ್ತುಪಟ್ಟಿಯಿಂದ ಒಂದು ದೊಡ್ಡ ಎಲೆ ಗಲ್ಲದವರೆಗೆ ಇಣುಕುತ್ತಿತ್ತು. ಇಲೋಂಕಾ ಕಿಟಕಿಯ ಕಡೆಗೇ ಮುಖ ಮಾಡಿ, ಈ ಸಲ ಚೆರ್ರಿ ಬೇಗ ಹಣ್ಣಾಗಬಹುದು ಅಂತೇನೋ ಹೇಳುತ್ತಾ ಹೋದಳು. ಸಾವ್ಕಾಳ ಹಣೆಯಿಂದ ಬೆವರು ಇಳಿಯುತ್ತಿತ್ತು, ಕಣ್ಣಿಂದಲೂ ಇಳಿಯುತ್ತಿತ್ತು.

ಬಾಗಿಲವರೆಗೆ ಬಂದ ಇಲೋಂಕಾ ಅವಳ ಕೋಟಿನ ಗುಂಡಿಯೊಂದನ್ನು ಸರಿಯಾಗಿ ಹಾಕಿ ಎಲೆಯನ್ನು ಒಳಗೆ ತಳ್ಳಿದಳು.

"ನಾಳೆ ಕಾಫಿಗೆ ಕೋಟು ಬೇಡ ಕಣೇ," ಅಂದಳು. "ಹಾಗೇ ಬಾ."